ಅವ್ವ ಅಂದರೆ ಅಜ್ಜಿ ಅಲ್ಲ

ನಮ್ಮ ಅವ್ವನನ್ನು ಕೊಂದದ್ದು ಒಂದು ಸೋಮವಾರ, ಮುಂಬಯಿಯ ಪರೇಲ್‌ನ ನಮ್ಮ ಆಫೀಸಿನಲ್ಲಿ, ಸಂಜೆ ಚಹಾದ ಹೊತ್ತಿಗೆ. ಕೊಂದವಳು ನಮ್ಮ ಸಂಪಾದಕಿ. ಅವ್ವ ಆಗ ಸಯನ್‌ನ ಮನೆಯಲ್ಲಿ ಕಾಲು ಚಾಚಿ ಕೂತು ಪಲ್ಯಕ್ಕೆ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು, ಮೇಲಿನ ಮನೆಯ ನೀರು ನಮ್ಮ ಬಚ್ಚಲಿಗೆ ಸೋರುತ್ತದೆ ಅಂತ ಫೋನಿನಲ್ಲಿ ವಾಚ್‌ಮನ್‌ನನ್ನು ಬೈಯುತ್ತಿದ್ದಳು. ತಾನು ಸತ್ತ ಸುದ್ದಿ ಆಕೆಗೆ ತಿಳಿದದ್ದು ನಾನು ಮನೆಗೆ ಹೋದ ಮೇಲೆ.

ಇದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಸಿಟ್ಟು ಇಳಿಯಲಿ, ಆಮೇಲೆ ಬರೆ, ಬರಹ ಹಣ್ಣಾಗುತ್ತದೆ ಅಂತ ಬಲ್ಲವರು ಹೇಳಿದರು. ಹಣ್ಣಾಗಲು ಇದೇನು ಹುಲ್ಲಿನಲ್ಲಿ ಅಡಿ ಹಾಕಿದ ಮಾವಿನಕಾಯಿಯೇ? ಕನ್ನಡದಲ್ಲಿ ಬರೆಯುತ್ತಿರುವುದಕ್ಕೂ ಕಾರಣ ಇದೆ. ಇಷ್ಟು ವರ್ಷ ನಾನು ಹೊಟ್ಟೆಪಾಡಿಗೆ ಇಂಗ್ಲಿಷಿನಲ್ಲಿ ಬರೆದ ಒಂದಕ್ಷರವನ್ನೂ ಅವ್ವ ಓದಿಲ್ಲ. ಆಕೆಗೆ ಓದಲು ಬರುವುದು ಕನ್ನಡ ಮಾತ್ರ. ಮರಾಠಿ ಬರುತ್ತದೆ, ಅದು ಜಗಳಕ್ಕೆ.

ನಮ್ಮದು ಫ್ಯಾಶನ್ ಪತ್ರಿಕೆ. ಒಂದೇ ಹೆಸರಿನಲ್ಲಿ ಹತ್ತಾರು ದೇಶಗಳಲ್ಲಿ ಹೊರಡುತ್ತದೆ. ಮುಖಪುಟದ ಅಕ್ಷರ ಎಲ್ಲ ಕಡೆಯೂ ಒಂದೇ, ಜಾಹೀರಾತಿನ ಗಡಿಯಾರಗಳೂ ಅತ್ತರಿನ ಶೀಶೆಗಳೂ ಒಂದೇ. ಹೆಡ್ ಆಫೀಸು ಹೊರದೇಶದಲ್ಲಿ. ಇಲ್ಲಿನ ಆವೃತ್ತಿಗೆ ನಾನು ಕಾಪಿ ಎಡಿಟರ್. ಅಂದರೆ ಬೇರೆಯವರು ಬರೆದದ್ದಕ್ಕೆ ಮುಖ ತೊಳೆಸಿ, ತಲೆ ಬಾಚಿ ಪುಟಕ್ಕೆ ಕಳಿಸುವವಳು. ಆಫೀಸು ಹಳೆಯ ಬಟ್ಟೆಗಿರಣಿಯ ಜಾಗದಲ್ಲಿ ಎದ್ದ ಗಾಜಿನ ಕಟ್ಟಡದಲ್ಲಿದೆ. ಸಯನ್‌ನಲ್ಲಿ ಲೋಕಲ್ ಹತ್ತಿದರೆ ಮಾಟುಂಗಾ, ದಾದರ್, ಪರೇಲ್. ಇಷ್ಟು ವರ್ಷದಲ್ಲಿ ಲೇಡೀಸ್ ಡಬ್ಬಿಯಲ್ಲಿ ಒಬ್ಬಳೇ ಒಬ್ಬಳು ನಮ್ಮ ಪತ್ರಿಕೆ ಹಿಡಿದದ್ದನ್ನು ನಾನು ಕಂಡಿಲ್ಲ. ಅದರ ಬೆಲೆಗೆ ಒಂದು ವಾರದ ತರಕಾರಿ ಬರುತ್ತದೆ.

ಇಂಥ ಪತ್ರಿಕೆಯ ಗುಣ ಸ್ವಭಾವವನ್ನೆಲ್ಲ ದೂರದ ಯಜಮಾನರು ನಿರ್ಧರಿಸುತ್ತಾರೆ ಅಂತ ಹೊರಗಿನವರು ತಿಳಿದಿರುತ್ತಾರೆ. ಇಲ್ಲ. ನಿರ್ಧರಿಸುವುದು ಸಂಪಾದಕರು. ಅವರ ತಲೆಯಲ್ಲಿ ಒಬ್ಬ ಹೆಂಗಸು ಮನೆ ಮಾಡಿಕೊಂಡಿರುತ್ತಾಳೆ. ಆಫೀಸಿನ ಭಾಷೆಯಲ್ಲಿ ಅವಳಿಗೆ 'ನಮ್ಮ ರೀಡರ್' ಅನ್ನುತ್ತಾರೆ. ನನ್ನ ಮೊದಲ ಸಂಪಾದಕಿಯ ರೀಡರ್ ಮಲಬಾರ್ ಹಿಲ್‌ನಲ್ಲಿದ್ದಳು, ಸದಾ ದಣಿದಿರುತ್ತಿದ್ದಳು. ಯಾಕೆ ದಣಿದಿದ್ದಾಳೆ ಅಂತ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅವಳಿಗೆ ತ್ರಾಸಾಗದಂತೆ ನಾವು ಪುಟದಲ್ಲಿ ಖಾಲಿ ಜಾಗ ಜಾಸ್ತಿ ಬಿಟ್ಟೆವು, ವಾಕ್ಯಗಳನ್ನು ಗಿಡ್ಡ ಮಾಡಿದೆವು. ಆಮೇಲೆ ಬಂದವನು ಗಂಡಸು. ಅವನ ರೀಡರ್ ಬಾಂದ್ರಾದ ಸಮುದ್ರದ ದಂಡೆಯಲ್ಲಿ ಬೆಳಿಗ್ಗೆ ಓಡುತ್ತಿದ್ದಳು. ನೋಡನೋಡುತ್ತ ಸೀರೆ ಮಾಯವಾಗಿ ಬೂಟು ಬಂದವು. ಈಗಿನವಳ ರೀಡರ್ ಲಂಡನ್ನಿನಲ್ಲೋ ಸಿಂಗಾಪುರದಲ್ಲೋ ಕಿಟಕಿಯ ಬಳಿ ಕೂತು ಊರು ನೆನೆಸಿಕೊಳ್ಳುತ್ತಾಳೆ. ಹಾಗಾಗಿ ಈಗ ನಮ್ಮ ಪುಟಗಳಲ್ಲಿ ಹಿತ್ತಾಳೆ ಪಾತ್ರೆ, ಮಲ್ಲಿಗೆ, ಇಳಿಬಿಸಿಲು. ಅದೇ ಹೆಸರು, ಅದೇ ಅಕ್ಷರ, ಅದೇ ನಾವು. ಆದರೆ ಮೂರೂ ಬೇರೆ ಬೇರೆ ಪತ್ರಿಕೆಗಳು.

ಸಂಪಾದಕರ ಕೈ ಯಾವುದು ಅಂತ ನೋಡಬೇಕಾದರೆ ಏನು ಅಚ್ಚಾಗಿದೆ ಅಂತ ನೋಡಬಾರದು, ಏನು ಹೋಗಿದೆ ಅಂತ ನೋಡಬೇಕು. ಮೊದಲಿನವಳು 'ಎಥ್ನಿಕ್' ಅನ್ನುವ ಪದ ಕಂಡರೆ ಸಿಡಿಯುತ್ತಿದ್ದಳು. ಎರಡನೆಯವನಿಗೆ ಐವತ್ತು ದಾಟಿದ ಹೆಂಗಸು ಪುಟದಲ್ಲಿ ಕಂಡರೆ ಆಗುತ್ತಿರಲಿಲ್ಲ. ಈಗಿನವಳಿಗೆ ಹಳೆಯದೆಲ್ಲ ಬೇಕು, ಅಜ್ಜಿಯರು ಬೇಕು, ಆದರೆ ಅವರು ಅಳಬಾರದು, ಬೈಯಬಾರದು.

ಇನ್ನೊಂದು ಮಾತು, ನಮ್ಮ ಧಂದೆಯಲ್ಲಿ ಎಲ್ಲರಿಗೂ ಗೊತ್ತಿರುವುದೇ. ಪತ್ರಿಕೆಯ ಮೊದಲಿಗೆ ಒಂದು ಪುಟ ಇರುತ್ತದಲ್ಲ, ಮೇಲೆ ಸಂಪಾದಕರ ನಗುವ ಫೋಟೋ, ಕೆಳಗೆ ಸಹಿ, ನಡುವೆ ನಾನು ಹಾಗೆ ನಾನು ಹೀಗೆ ಅಂತ ನಾಲ್ಕು ಮಾತು. ಅದನ್ನು ಬರೆಯುವವಳು ನಾನು. ಮೂವರಿಗೂ ನಾನೇ ಬರೆದೆ. ಮಲಬಾರ್ ಹಿಲ್‌ನ ದಣಿವನ್ನೂ ಬಾಂದ್ರಾದ ಹುರುಪನ್ನೂ ಸಯನ್‌ನ ಅಡುಗೆಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಒಂದು ಕಣ್ಣು ಹಾಲಿನ ಮೇಲೆ ಇಟ್ಟು ಬರೆದೆ. ಇದರಲ್ಲಿ ನನಗೆ ನಾಚಿಕೆ ಇಲ್ಲ. ದರ್ಜಿ ಹೊಲಿದ ಬಟ್ಟೆಯನ್ನೆಲ್ಲ ತಾನೇ ತೊಡುತ್ತಾನೇನು?

ಹೋದ ವರ್ಷ ಹೆಡ್ ಆಫೀಸಿನಿಂದ ಹುಕುಂ ಬಂತು. ಎಲ್ಲ ದೇಶದವರೂ ಹೊಸ ವರ್ಷದ ಸಂಚಿಕೆಯನ್ನು ಕೈಮಗ್ಗದ ಬಟ್ಟೆಗೆ ಮೀಸಲಿಡಬೇಕಂತೆ. ಮೀಟಿಂಗಿನಲ್ಲಿ ಒಬ್ಬರು ಬನಾರಸಿ ಅಂದರು, ಒಬ್ಬರು ಪೈಠಣಿ ಅಂದರು. ನಾನು ಖಣ ಅಂದೆ. "ಖಾನಾ? ಊಟದ ಸಂಚಿಕೆ ಮಾರ್ಚಿನಲ್ಲಲ್ಲವೇ?" ಅಂತ ಪುಟ ವಿನ್ಯಾಸದವಳು ಕೇಳಿದಳು. ಅವಳು ದಿಲ್ಲಿಯವಳು, ಅವಳ ತಪ್ಪಿಲ್ಲ.

ಖಣ ಅಂದರೆ ಗುಳೇದಗುಡ್ಡದ ಮಗ್ಗದಲ್ಲಿ ನೇಯುವ, ಒಂದು ಕುಪ್ಪಸಕ್ಕೆ ಆಗುವಷ್ಟು ಬಟ್ಟೆ. ನಮ್ಮ ಬಾಗಲಕೋಟೆ ಕಡೆ ಮನೆಗೆ ಹೆಣ್ಣುಮಗಳು ಬಂದರೆ ಬರಿಗೈಲಿ ಕಳಿಸುವುದಿಲ್ಲ. ಸೆರಗು ಒಡ್ಡಿಸಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಮೇಲೊಂದು ಖಣ ಇಟ್ಟು ಉಡಿ ತುಂಬುತ್ತಾರೆ. ಒಳ್ಳೆಯ ಖಣವಾದರೆ ಹೊಲಿಸುತ್ತಾರೆ. ಪಾಲಿಸ್ಟರ್ ಖಣ ಮಾತ್ರ ಸೂಜಿಯ ಮುಖ ನೋಡದೆ ಒಬ್ಬರ ಉಡಿಯಿಂದ ಇನ್ನೊಬ್ಬರ ಉಡಿಗೆ ದಾಟುತ್ತಲೇ ಇರುತ್ತದೆ. ನಾವು ಕೊಟ್ಟ ಖಣ ಊರೆಲ್ಲ ಸುತ್ತಿ ನಮ್ಮ ಮನೆಗೇ ತಿರುಗಿ ಬಂದದ್ದೂ ಉಂಟು. ಅವ್ವ ಅದರ ಮೂಲೆಯ ಕಲೆ ನೋಡಿ ಗುರುತು ಹಿಡಿದಿದ್ದಳು.

ಹೆಣ್ಣುಮಗಳು ಬಂದರೆ ಅಂದೆನಲ್ಲ, ಎಲ್ಲ ಹೆಣ್ಣುಮಕ್ಕಳೂ ಅಲ್ಲ. ಗಂಡ ಸತ್ತವಳಿಗೆ ಉಡಿ ತುಂಬುವುದಿಲ್ಲ. ಆಕೆ ಬೇರೆಯವರ ಉಡಿ ತುಂಬುವಂತೆಯೂ ಇಲ್ಲ.

ಅಪ್ಪ ವಿಕ್ರೋಳಿಯ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದವರು. ರಿಟೈರ್ ಆಗಿ ಕೆಲವು ವರ್ಷಕ್ಕೆ ಹೋದರು. ಮರುವರ್ಷ ಸಂಕ್ರಾಂತಿ ಬಂತು. ನಮ್ಮ ಬಿಲ್ಡಿಂಗಿನಲ್ಲಿ ಮರಾಠಿಯವರು, ನಮ್ಮವರು, ಉಡುಪಿ ಕಡೆಯವರು ಎಲ್ಲ ಸೇರಿ ಮುತ್ತೈದೆಯರಿಗೆ ಹಳದಿ ಕುಂಕುಮ ಮಾಡುತ್ತಾರೆ. ಮನೆಮನೆಗೆ ಕರೆಯಲು ಬರುತ್ತಾರೆ. ಆ ವರ್ಷ ನಮ್ಮ ಬಾಗಿಲು ಬಿಟ್ಟು ಮುಂದೆ ಹೋದರು. ಜಗಳ ಮಾಡಿ ಬಿಟ್ಟದ್ದಲ್ಲ, ಭಾಳ ಮರ್ಯಾದೆಯಿಂದ, ಕಣ್ಣು ತಪ್ಪಿಸಿ ಬಿಟ್ಟರು. ಮದುವೆಯಾಗದ ನನ್ನನ್ನು ಮೊದಲಿನಿಂದಲೂ ಕರೆಯುತ್ತಿರಲಿಲ್ಲ, ಅದು ನನಗೆ ರೂಢಿಯಾಗಿತ್ತು. ಅವ್ವನಿಗೆ ರೂಢಿಯಾಗಲಿಲ್ಲ. ದಾದರ್‌ಗೆ ಹೋದಳು, ಕಡುಗೆಂಪು ಖಣವೊಂದನ್ನು ತಾನೇ ಕೊಂಡಳು, ಹೊಲಿಸಿದಳು. ಕಾರ್ಯಕ್ರಮದ ದಿನ ಅದನ್ನು ತೊಟ್ಟು, ಇಳಕಲ್ ಸೀರೆ ಉಟ್ಟು, ಜಿನೆಯ ಮೆಟ್ಟಿಲ ಪಕ್ಕ ಪ್ಲಾಸ್ಟಿಕ್ ಖುರ್ಚಿ ಹಾಕಿಕೊಂಡು ಕೂತಳು. ತೊಡೆಯ ಮೇಲೆ ಎಳ್ಳುಬೆಲ್ಲದ ಡಬ್ಬಿ. ಹಳದಿ ಕುಂಕುಮ ಇದ್ದದ್ದು ಮೇಲಿನ ಮಾಳಿಗೆಯಲ್ಲಿ, ಜಿನೆ ಹತ್ತುವವರೆಲ್ಲ ಆಕೆಯನ್ನು ದಾಟಿಯೇ ಹೋಗಬೇಕು.

"ಕುಂಕುಮ ನಾ ಕೊಡೂದಿಲ್ರಿ, ಹೆದರಬ್ಯಾಡ್ರಿ. ಎಳ್ಳುಬೆಲ್ಲಕ್ಕ ಗಂಡ ಇರಬೇಕಂತ ಯಾರೂ ಹೇಳಿಲ್ಲ, ತಗೋರಿ" ಅಂತ ಒಬ್ಬೊಬ್ಬರ ಕೈಗೂ ಇಟ್ಟಳು. ಹೆಚ್ಚಿನವರು ತೆಗೆದುಕೊಂಡರು. ಒಬ್ಬಾಕೆ ಕೆಳಗೆ ಇಳಿದು ಹೋಗಿ ಲಿಫ್ಟು ಹತ್ತಿದಳು. ಲಿಫ್ಟು ನಮ್ಮ ಮಾಳಿಗೆಗೆ ಬಂದಾಗ ಅವ್ವ ಅದರ ಜಾಳಿಯೊಳಗೆ ಕೈ ತೂರಿಸಿ ಆಕೆಗೂ ಕೊಡಲು ನೋಡಿದಳು.

ಇದಿಷ್ಟನ್ನು ನಾನು ಆ ಕೈಮಗ್ಗದ ಸಂಚಿಕೆಗೆ ಇಂಗ್ಲಿಷಿನಲ್ಲಿ ಬರೆದೆ. ಪರರ ಫೋಟೋದ ಕೆಳಗಲ್ಲ, ನನ್ನ ಹೆಸರಿನಲ್ಲೇ ಬರಬೇಕಾದ ನನ್ನ ಮೊದಲ ಲೇಖನ. ಎರಡು ಪದ ಮಾತ್ರ ಕನ್ನಡದವೇ ಇಟ್ಟೆ. ಒಂದು ಖಣ, ಇನ್ನೊಂದು ಅವ್ವ. ಅವ್ವನನ್ನು 'ಮದರ್' ಅಂತ ಬರೆದರೆ ಆಕೆ ಖುರ್ಚಿಯಿಂದ ಎದ್ದು ಒಳಗೆ ಹೋದಂತೆ ಅನಿಸುತ್ತಿತ್ತು.

ಸಂಪಾದಕಿ ಓದಿ ನನ್ನ ಮೇಜಿಗೇ ಬಂದಳು. ಕಣ್ಣು ಒದ್ದೆ. ಇಲ್ಲೊಂದು ತಾಪತ್ರಯ ಹೇಳಿಬಿಡಬೇಕು. ನಾವಿಬ್ಬರೂ ಮಾತಾಡುವುದು ಇಂಗ್ಲಿಷಿನಲ್ಲಿ, ಅಲ್ಲಿ ನೀನು ನೀವು ಅನ್ನುವ ಗೋಜಿಲ್ಲ. ಕನ್ನಡಕ್ಕೆ ತರುವಾಗ ಯಾರು ಯಾರಿಗೆ ಏನನ್ನಬೇಕು? ಸಂಬಳ ಆಕೆಯದು ದೊಡ್ಡದು, ವಯಸ್ಸು ನನ್ನದು ದೊಡ್ಡದು. ಬರೆಯುತ್ತಿರುವವಳು ನಾನು, ಹಾಗಾಗಿ ಇಲ್ಲಿ ಆಕೆ ನನಗೆ ನೀವು ಅನ್ನುತ್ತಾಳೆ, ನಾನು ನೀನು ಅನ್ನುತ್ತೇನೆ.

"ನನಗೂ ಅವ್ವ ಇದ್ದಳು" ಅಂದಳು. "ನಿಮ್ಮ ಅವ್ವನನ್ನು ಓದುತ್ತಿದ್ದರೆ ನನ್ನ ಅವ್ವನೇ ಎದ್ದು ಬಂದಂತಾಯಿತು."

ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆಕೆ ಹುಟ್ಟಿ ಬೆಳೆದದ್ದು ಲಂಡನ್, ಮನೆಯವರು ರಾಯಲಸೀಮೆಯ ತೆಲುಗಿನವರು. ಗಡಿಯ ಕಡೆಯವರು, ತಾಯಿಗೆ ಅವ್ವ ಅನ್ನುತ್ತಾರೇನೋ ಅಂದುಕೊಂಡೆ. ಯಾವುದೋ ಗುರುತಿನವಳು ಸಿಕ್ಕಂತೆ ಅನಿಸಿ ಅವತ್ತು ಡಬ್ಬಿಯ ಶೇಂಗಾ ಹೋಳಿಗೆಯಲ್ಲಿ ಅರ್ಧ ಅವಳಿಗೆ ಕೊಟ್ಟೆ.

ಆ ಹೋಳಿಗೆ ದಂಡವಾಯಿತು ಅಂತ ಸೋಮವಾರ ತಿಳಿಯಿತು. ಚಹಾದ ಹೊತ್ತಿಗೆ ಒಂದು ಪುಟದ ಪ್ರಿಂಟು ತಂದು ನನ್ನ ಮುಂದಿಟ್ಟಳು. ಮೇಲೆ ಅವಳ ಫೋಟೋ. ಕೆಳಗೆ ಅವಳ ಸಹಿ. ನಡುವೆ ನನ್ನ ಅವ್ವ. "ಇದು ನನ್ನ ಪುಟಕ್ಕೇ ಸರಿ. ಸ್ವಲ್ಪ ತಿದ್ದಿದ್ದೇನೆ" ಅಂದಳು.

ಓದಿದೆ. ಅವ್ವ ಅನ್ನುವ ಪದ ಹಾಗೇ ಇತ್ತು, ಅದರ ಪಕ್ಕ 'ನನ್ನ ಅಜ್ಜಿ' ಅಂತ ಅರ್ಥ ಬರೆದಿತ್ತು. ಸಯನ್ ಹೋಗಿ ಒಂದು ಹಳೆಯ ಮನೆ ಬಂದಿತ್ತು. ಜಿನೆ ಇಲ್ಲ, ಲಿಫ್ಟು ಇಲ್ಲ, ಪ್ಲಾಸ್ಟಿಕ್ ಖುರ್ಚಿ ಹೋಗಿ ಉಯ್ಯಾಲೆ ಬಂದಿತ್ತು. ಗಂಡ ಸತ್ತ ಸಾಲು ತೆಗೆದಿತ್ತು. ಕೊನೆಗೆ, ಅವ್ವನ ಟ್ರಂಕು ತೆರೆದರೆ ಆ ಕೆಂಪು ಖಣದಲ್ಲಿ ಇಂದಿಗೂ ಅವಳ ಘಮ ಅಂತ ಮುಗಿದಿತ್ತು. ಚಂದವಾಗಿತ್ತು, ಅದೇ ಕಷ್ಟ.

"ಇದು ನನ್ನ ತಾಯಿ" ಅಂದೆ.

"ತಾಯಿಯೇ? ನೀವು ಅವ್ವ ಅಂತ ಬರೆದಿದ್ದೀರಿ. ಅವ್ವ ಅಂದರೆ ಅಜ್ಜಿ."

"ನಿಮ್ಮ ತೆಲುಗಿನಲ್ಲಿ. ನಮ್ಮಲ್ಲಿ ಹೆತ್ತವಳಿಗೆ ಅವ್ವ. ಮುದ್ದು ಬಂದರೆ ತೊಡೆಯ ಮೇಲಿನ ಹೆಣ್ಣುಕೂಸಿಗೂ ಯವ್ವಾ ಅಂತೀವಿ. ಅಜ್ಜಿಗೆ ಅಜ್ಜಿ ಅಥವಾ ಆಯಿ. ಮತ್ತೆ ಈಕೆ ಸತ್ತಿಲ್ಲ, ಜೀವಂತ ಇದ್ದಾಳೆ."

ಆಕೆ ಒಂದು ಗಳಿಗೆ ತಬ್ಬಿಬ್ಬಾದಳು, ಆಮೇಲೆ ನಕ್ಕಳು. ಎಂಥ ಮಜಾ ತಪ್ಪು ನೋಡಿ ಅಂದಳು. ಹೆಡ್ ಆಫೀಸಿಗೆ ಆಗಲೇ ಕಳಿಸಿಬಿಟ್ಟಿದ್ದಳಂತೆ, ಅಲ್ಲಿ ಎಲ್ಲರೂ ಮೆಚ್ಚಿದ್ದಾರಂತೆ. "ಅಜ್ಜಿ ಅಂತಲೇ ಇರಲಿ. ನಮ್ಮ ರೀಡರ್‌ಗೆ ಅಜ್ಜಿ ಹತ್ತಿರ. ಅಲ್ಲದೆ ನನ್ನ ಪುಟ ಯಾವಾಗಲೂ ಬರೆಯುವುದು ನೀವೇ ಅಲ್ಲವೇ, ಇದರಲ್ಲಿ ಹೊಸದೇನು?"

ಅಲ್ಲಿಗೆ ನನಗೆ ಆಕೆಯ ಲೆಕ್ಕ ಅರ್ಥವಾಯಿತು. ನನ್ನ ದನಿ ಪತ್ರಿಕೆಯ ದನಿಯಾಗಿ ಎಷ್ಟೋ ವರ್ಷವಾಗಿದೆ. 'ನಾನು' ಅಂತ ನಾನು ಬರೆದರೆ ಅದು ಸಂಪಾದಕಿಯೇ. ನನ್ನ ನಾನು ಆಕೆಯದಾದ ಮೇಲೆ ನನ್ನ ಅವ್ವನೂ ಆಕೆಯವಳೇ. ನಾಳೆ ಹೇಳುತ್ತೇನೆ ಅಂದು ಪ್ರಿಂಟನ್ನು ಚೀಲಕ್ಕೆ ತುರುಕಿಕೊಂಡು ಹೊರಟೆ.

ಮನೆಯಲ್ಲಿ, ಸೋಸಿದ ಮೆಂತ್ಯ ಹೆಚ್ಚುತ್ತಿದ್ದ ಅವ್ವನ ಮುಂದೆ ಕೂತು, ಸಾಲು ಸಾಲಾಗಿ ಕನ್ನಡ ಮಾಡಿ ಓದಿದೆ. ಆಕೆ ಮೊದಲು ನಗುತ್ತಿದ್ದಳು.

"ಖುರ್ಚಿ ಎಲ್ಲೈತಿ?"

"ತಗದಾಳವಾ. ಉಯ್ಯಾಲಿ ಹಾಕ್ಯಾಳ."

"ಉಯ್ಯಾಲಿ? ಈ ಖೋಲ್ಯಾಗ ಎಲ್ಲಿ ಹಾಕ್ತಾಳಂತ, ಗ್ಯಾಸಿನ ಮ್ಯಾಲೇನು?" ಅಂದಳು. ನಾನು ಘಮದ ಸಾಲು ಓದಿದೆ. "ಇಂದಿಗೂ ಅಂದ್ರ ಏನದು? ಯಾರ ವಾಸನಿ?"

"ನಿಂದು. ಇದರಾಗ ನೀ ಸತ್ತೀದಿ."

ಅವ್ವನ ಕೈ ನಿಂತಿತು. "ನಾ ಯಾವಾಗ ಸತ್ತೆ?"

"ಇವತ್ತು. ಚಾ ಹೊತ್ತಿಗೆ."

"ನಿಮ್ಮಪ್ಪ?"

"ಅಪ್ಪ ಸತ್ತ ಸಾಲು ತಗದಾಳ."

"ಅಂದ್ರ ಅವರನ್ನ ಬದುಕಿಸಿ ನನ್ನ ಕೊಂದಾಳ. ಭಾಳ ಶಾಣ್ಯಾಕಿ ಅದಾಳ ನಿಮ್ಮಾಕಿ" ಅಂದಳು. ಆಮೇಲೆ ದನಿ ಬದಲಾಯಿತು. "ಅವತ್ತ ಆ ಖುರ್ಚಿ ಮ್ಯಾಲ ಕುಂಡ್ರಾಕ ನಾ ಎಷ್ಟ ಧೈರ್ಯಾ ಮಾಡಿದ್ದೆ ಗೊತ್ತೈತೇನ ಆಕಿಗೆ? ನಿನಗರೆ ಗೊತ್ತೈತೇನ? ಕಾಲು ಥರಾಥರಾ ನಡಗತಿದ್ದೂ. ಸೀರಿ ಒಳಗ ಇದ್ದೂ ಅಂತ ಯಾರಿಗೂ ಕಾಣಲಿಲ್ಲ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರಿ ಮಾಡಾಕ ಹೊಂಟಾಳ."

ಕಾಲು ನಡುಗಿದ್ದು ನನಗೂ ಗೊತ್ತಿರಲಿಲ್ಲ. ನಾನು ಆಕೆಯನ್ನು ರಾಣಿಯಂತೆ ಕೂರಿಸಿ ಬರೆದಿದ್ದೆ. ಆಕೆ ಎದ್ದು ಒಗ್ಗರಣೆಗೆ ಎಣ್ಣೆ ಇಟ್ಟಳು, ಅವತ್ತು ಪಲ್ಯಕ್ಕೆ ಖಾರ ಜಾಸ್ತಿ ಬಿತ್ತು.

ಮರುದಿನ ಸಂಪಾದಕಿಯ ಗಾಜಿನ ಖೋಲಿಗೆ ಹೋಗಿ, ಪ್ರಿಂಟನ್ನು ಮೇಜಿನ ಮೇಲಿಟ್ಟು ಕೂತೆ. ಪುಟ ಕೊಡುವುದಿಲ್ಲ ಅಂದೆ. ಬರುವುದಾದರೆ ನನ್ನ ಹೆಸರಿನಲ್ಲಿ, ಖುರ್ಚಿ ಲಿಫ್ಟು ಗಂಡ ಸತ್ತದ್ದು ಎಲ್ಲ ಸಮೇತ ಬರಬೇಕು ಅಂದೆ.

"ಅದರಲ್ಲಿ ಬರೀ ಸಿಟ್ಟಿದೆ" ಅಂದಳು. "ನಮ್ಮ ಪತ್ರಿಕೆಯ ದನಿಯಲ್ಲಿ ಸಿಟ್ಟಿಲ್ಲ."

"ಇಷ್ಟು ವರ್ಷ ಆ ದನಿ ನನ್ನದೇ. ಅದರಲ್ಲಿ ಸಿಟ್ಟಿಲ್ಲ ಅಂತ ನಿನಗೆ ಯಾರು ಹೇಳಿದರು?"

ಆಕೆ ಲ್ಯಾಪ್‌ಟಾಪ್ ಮುಚ್ಚಿದಳು. ನಾನು ಗೆದ್ದೆ ಅಂದುಕೊಂಡು ಇನ್ನೊಂದು ಹೆಜ್ಜೆ ಮುಂದೆ ಹೋದೆ. "ನಿನಗೂ ಅವ್ವ ಇದ್ದಳಲ್ಲ, ಅಜ್ಜಿ. ಅವಳನ್ನೇ ಬರೆ. ಬೇಕಾದರೆ ನಾನು ತಿದ್ದಿ ಕೊಡುತ್ತೇನೆ. ಅವಳು ಎಂಥ ಕುಪ್ಪಸ ತೊಡುತ್ತಿದ್ದಳು, ಅಲ್ಲಿಂದ ಶುರು ಮಾಡು."

"ತೊಡುತ್ತಿರಲಿಲ್ಲ" ಅಂದಳು.

"ಎಂಥದ್ದು?"

"ಯಾವುದೂ. ಕುಪ್ಪಸವನ್ನೇ ತೊಡುತ್ತಿರಲಿಲ್ಲ. ಸಣ್ಣ ವಯಸ್ಸಿಗೇ ಗಂಡ ಹೋದನಂತೆ. ತಲೆ ಬೋಳಿಸಿದ್ದರು. ಬರೀ ಒಂದು ಸೀರೆ, ಅದನ್ನೇ ತಲೆಯ ಮೇಲಿಂದ ಹೊದೆಯುತ್ತಿದ್ದಳು. ರಜೆಗೆ ಊರಿಗೆ ಬಂದಾಗ ನಾನು ಅವಳ ಬರಿ ಬೆನ್ನು ನೋಡಿ ನಾಚಿಕೊಳ್ಳುತ್ತಿದ್ದೆ. ಪಕ್ಕದ ಮನೆಯ ಮಕ್ಕಳು ಆಡಲು ಬಂದರೆ ಅವಳು ಹೊರಗೆ ಬರದಿರಲಿ ಅಂತ ಬಾಗಿಲು ಹಾಕುತ್ತಿದ್ದೆ." ಪ್ರಿಂಟನ್ನು ತನ್ನ ಕಡೆ ಎಳೆದುಕೊಂಡಳು. "ನಿಮ್ಮದನ್ನು ಓದಿದಾಗ ಆ ಕೆಂಪು ಖಣ ನೋಡಿದೆ. ಒಂದು ಪುಟದಲ್ಲಾದರೂ ಅವಳಿಗೆ ತೊಡಿಸೋಣ ಅನಿಸಿತು."

ನನ್ನ ಸಿಟ್ಟು ಅಲ್ಲಿಗೆ ಇಳಿಯಬೇಕಿತ್ತು. ಆ ಬರಿ ಬೆನ್ನಿನ ಮುದುಕಿಯ ಬಗ್ಗೆ ಮರುಕ ಬಂತು, ಬಾಗಿಲು ಹಾಕಿದ ಹುಡುಗಿಯ ಬಗ್ಗೆಯೂ ಬಂತು. ಆದರೆ ಸಿಟ್ಟು ಇಳಿಯಲಿಲ್ಲ, ದಿಕ್ಕು ಬದಲಿಸಿತು.

"ಹಾಗಾದರೆ ಅದನ್ನೇ ಬರೆ" ಅಂದೆ. "ನಾವು ನಡೆಸುತ್ತಿರುವುದು ಬಟ್ಟೆಯ ಪತ್ರಿಕೆ. ಯಾರಿಗೆ ಬಟ್ಟೆ ಕೊಡಲಿಲ್ಲ ಅನ್ನುವುದು ಬಟ್ಟೆಯ ಸುದ್ದಿ ಅಲ್ಲವೇ? ಇದಕ್ಕಿಂತ ದೊಡ್ಡ ಫ್ಯಾಶನ್ ಸುದ್ದಿ ನಿನಗೆ ಇನ್ನೆಲ್ಲಿ ಸಿಗುತ್ತದೆ?"

"ಆ ಅವ್ವ ನಮ್ಮ ಪತ್ರಿಕೆಯವಳಲ್ಲ."

"ಹಾಗಾದರೆ ನಮ್ಮ ಅವ್ವನೂ ಅಲ್ಲ" ಅಂದೆ. ನನ್ನ ಲೇಖನವನ್ನು ವಾಪಸು ತೆಗೆದುಕೊಳ್ಳುತ್ತೇನೆ ಅಂದೆ. ನನ್ನ ಹೆಸರು ಮೊದಲ ಸಲ ಅಚ್ಚಾಗುವುದೂ ಅದರ ಜೊತೆಗೇ ಹೋಯಿತು. ಹೋಗಲಿ. ಕೊಂದವಳ ಪಕ್ಕದ ಪುಟದಲ್ಲಿ ನನ್ನ ಹೆಸರು ಇಟ್ಟುಕೊಂಡು ಏನು ಮಾಡಲಿ?

ಮನೆಗೆ ಹೋಗಿ ಅವ್ವನಿಗೆ ಎಲ್ಲ ಹೇಳಿದೆ, ಬೋಳು ತಲೆಯ ಅಜ್ಜಿಯದೂ ಹೇಳಿದೆ. ಆಕೆ ಬೈಯುತ್ತಾಳೆ ಅಂತ ಕಾದೆ. ಬೈಯಲಿಲ್ಲ. ಎದ್ದು ಕಪಾಟು ತೆಗೆದು ಒಂದು ಖಣ ಹುಡುಕಿದಳು. ದಾಟಿಸುವ ಖಣ ಅಲ್ಲ, ಹಸಿರು ಬಣ್ಣದ ಒಳ್ಳೆಯ ಖಣ, ತನಗೇ ಹೊಲಿಸಿಕೊಳ್ಳಬೇಕು ಅಂತ ಇಟ್ಟುಕೊಂಡದ್ದು.

"ಇದನ್ನ ಕೊಡು ಆಕಿಗೆ."

"ನಿನ್ನ ಕೊಂದಾಕಿಗೆ?"

"ಆ ಮುದುಕಿಗೆ ಯಾರೂ ಕೊಡಲಿಲ್ಲಲ್ಲ. ಮೊಮ್ಮಗಳರೆ ಹೊಲಿಸಿ ಹಾಕ್ಕೊಳ್ಳಲಿ. ನನ್ನಂತಾಕಿ ಉಡಿ ತುಂಬಬಾರದಂತಾರ, ಅದಕ ತುಂಬಾಕತ್ತೀನಿ." ಖಣದ ಮಡಿಕೆಯಲ್ಲಿ ಒಂದು ಹಿಡಿ ಅಕ್ಕಿ, ಒಂದು ಅಡಿಕೆ ಇಟ್ಟು ಕಟ್ಟಿದಳು. "ಖಣ ಒಯ್ಯಲಿ. ಖುರ್ಚಿ ಮಾತ್ರ ನಂದು. ಅದನ್ನ ಕೊಡಬ್ಯಾಡ."

ಮರುದಿನ ಸಂಪಾದಕಿಗೆ ಕೊಟ್ಟೆ. ಆಕೆ ಕೋಟು ತೊಟ್ಟಿದ್ದಳು, ಒಡ್ಡಲು ಸೆರಗಿರಲಿಲ್ಲ. ಎರಡೂ ಕೈ ಒಡ್ಡಿದಳು. ಬಿಚ್ಚುವಾಗ ನಾಲ್ಕು ಕಾಳು ಅಕ್ಕಿ ಕೀಬೋರ್ಡಿನ ಸಂದಿಗೆ ಬಿದ್ದವು, ಅವನ್ನು ಉಗುರಿನಿಂದ ತೆಗೆಯಲು ನೋಡುತ್ತ ತಲೆ ತಗ್ಗಿಸಿಕೊಂಡೇ ಕೂತಳು.

"ನಮ್ಮ ತಾಯಿ ಕೊಟ್ಟದ್ದು" ಅಂದೆ. "ಲೇಖನ ಇಲ್ಲ."

"ಹೆಡ್ ಆಫೀಸಿಗೆ ಏನು ಹೇಳಲಿ? ಅವರು ಒಪ್ಪಿಬಿಟ್ಟಿದ್ದಾರೆ."

"ಅವ್ವ ಬದುಕಿದ್ದಾಳೆ ಅಂತ ಹೇಳು. ಮತ್ತೆ ಇನ್ನು ಮುಂದೆ ನಿನ್ನ ಪುಟ ನೀನೇ ಬರೆದುಕೋ. ವ್ಯಾಕರಣ ಬೇಕಾದರೆ ನೋಡಿಕೊಡುತ್ತೇನೆ, ಅದಕ್ಕೆ ಸಂಬಳ ಕೊಡುತ್ತೀರಿ. ನೆನಪಿಗೆ ಕೊಡುವುದಿಲ್ಲ."

ಕೆಲಸದಿಂದ ತೆಗೆಯುತ್ತಾಳೆ ಅಂದುಕೊಂಡಿದ್ದೆ. ತೆಗೆಯಲಿಲ್ಲ. ಚಿತ್ರಗಳ ಕೆಳಗೆ ಚಪ್ಪಲಿ ಯಾವುದು, ಚೀಲ ಯಾವುದು ಅಂತ ಬರೆಯುವ ಕೆಲಸಕ್ಕೆ ಹಾಕಿದಳು. ಈಗಲೂ ಅದನ್ನೇ ಮಾಡುತ್ತಿದ್ದೇನೆ. ಚಪ್ಪಲಿಗೆ ಅಜ್ಜಿ ಇರುವುದಿಲ್ಲ, ಯಾರ ಜಗಳವೂ ಇಲ್ಲ. ಆ ಹಸಿರು ಖಣವನ್ನು ಆಕೆ ಹೊಲಿಸಿದಳೋ, ಯಾರ ಕೈಗಾದರೂ ದಾಟಿಸಿದಳೋ ನಾನು ಕೇಳಿಲ್ಲ.

ಹೊಸ ವರ್ಷದ ಸಂಚಿಕೆ ಬಂತು. ಅದರಲ್ಲಿ ಬನಾರಸಿ ಇತ್ತು, ಖಣ ಇರಲಿಲ್ಲ. ಸಂಪಾದಕಿಯ ಪುಟದಲ್ಲಿ ಮುಂಬಯಿಯ ಚಳಿಗಾಲದ ಬೆಳಕಿನ ಬಗ್ಗೆ ನಾಲ್ಕು ಮಾತಿದ್ದವು, ಅವಳೇ ಬರೆದದ್ದು, ಎರಡು ಕಡೆ ಕಾಮಾ ತಪ್ಪಿತ್ತು. ನಾನು ಒಂದು ಪ್ರತಿ ಮನೆಗೆ ತಂದೆ. ಅವ್ವ ಕನ್ನಡಕ ಹಾಕಿಕೊಂಡು, ಬೆರಳು ಎಂಜಲು ಮಾಡಿ, ಒಂದೊಂದೇ ಪುಟ ತಿರುವಿದಳು. ಗಡಿಯಾರ ನೋಡಿದಳು, ಅತ್ತರು ನೋಡಿದಳು, ಸೊಂಟ ಇಲ್ಲದ ಹುಡುಗಿಯರನ್ನು ನೋಡಿ ಲೊಚಗುಟ್ಟಿದಳು. ಕೊನೆಯ ಪುಟದವರೆಗೂ ಹೋಗಿ ತಲೆ ಎತ್ತಿದಳು.

"ನಾ ಎಲ್ಲದೀನಿ?"

"ಎಲ್ಲೂ ಇಲ್ಲವಾ."

"ಛಲೋ ಆತು ಬಿಡು" ಅಂದಳು. "ಸಾಯೂದರೆ ತಪ್ಪಿತು."